ನನ್ನ ಪೆಟ್ಟಿಗೆಯಲ್ಲಿದ್ದ ನಿನ್ನ ಕಾರ್ಡು

ಕೊಳತ್ತೂರು
ಗುರುವಾರ, ಬೆಳಿಗ್ಗೆ ಹತ್ತೂವರೆ

ಒಳಗೆ ಚಿಲಕ ಹಾಕಿಕೊಂಡು ಕೂತಿರುವ ನನ್ನ ಗಂಗಾಲಕ್ಷ್ಮಿಗೆ,

ನೀನು ಬಾಗಿಲು ಹಾಕಿಕೊಂಡದ್ದು ಸರಿಯಾಗೇ ಇದೆ. ನಿನ್ನ ಜಾಗದಲ್ಲಿ ನಾನಿದ್ದಿದ್ದರೆ ಚಿಲಕ ಹಾಕುವ ಮುಂಚೆ ನಾಲ್ಕು ಮಾತು ಬೈದಿರುತ್ತಿದ್ದೆ. ನನ್ನ ಕೈಯಲ್ಲಿದ್ದ ನೀಲಿ ಫೈಲು ನೋಡಿ ನಿನ್ನ ಮುಖ ಹೇಗಾಯಿತು ಎಂದು ಕಂಡೆ. ಇವಳು ಇಲ್ಲಿಗೂ ವಸೂಲಿಗೆ ಬಂದಳು ಅಂದುಕೊಂಡೆ ಅಲ್ಲವಾ? ಇಲ್ಲ ಕಣೇ. ಇವತ್ತು ನಾನು ಕೇಳಲು ಬಂದಿಲ್ಲ, ಹೇಳಲು ಬಂದಿದ್ದೇನೆ. ಆದರೆ ಬಾಗಿಲಿನ ಹೊರಗೆ ನಿಂತು ಕೂಗಿ ಹೇಳುವ ಮಾತಲ್ಲ ಇದು. ಕೂಗಿದ್ದು ಸಾಕಷ್ಟಾಗಿದೆ.

ನಿನಗೆ ಆಸರೆ ಕೊಟ್ಟಿರುವ ಚೆಲ್ಲಮ್ಮ ಅತ್ತೆ ಕೂಲಿಗೆ ಹೋಗಿದ್ದಾರೆ, ನಿನ್ನ ಮಗಳು ಮೇನಕಾ ಶಾಲೆಗೆ ಹೋಗಿದ್ದಾಳೆ ಎಂದು ಪಕ್ಕದ ಮನೆಯವರು ಹೇಳಿದರು. ಅಂದರೆ ಒಳಗೆ ನೀನೊಬ್ಬಳೇ ಇದ್ದೀಯ. ಅದೇ ನನಗೆ ಭಯ. ಎದುರಿನ ಬೇವಿನ ಮರದ ಕೆಳಗೆ ಯಾರೋ ಕವುಚಿ ಹಾಕಿದ ಹರಿಗೋಲಿನ ಮೇಲೆ ಕೂತು, ನನ್ನ ಸಂಧ್ಯಾಳ ಕಾಲೇಜಿನ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೇನೆ. ಒಂದೊಂದು ಹಾಳೆ ತುಂಬಿದ ಹಾಗೆ ಹರಿದು ಅವಳ ಕೈಗೆ ಕೊಡುತ್ತೇನೆ. ಅವಳು ನಿನ್ನ ಹೊಸ್ತಿಲ ಮೇಲೆ ಕೂತಿದ್ದಾಳೆ, ಬಾಗಿಲ ಕೆಳಗೆ ತಳ್ಳುತ್ತಾಳೆ. ನೀನು ಒಳಗೆ ಒಂದು ಸಲ ಕೆಮ್ಮಿದ್ದು ಕೇಳಿಸಿತು ಎಂದು ಈಗ ತಾನೇ ಬಂದು ಹೇಳಿ ಹೋದಳು. ಕೆಮ್ಮಿದ್ದಕ್ಕೆ ದೇವರಿಗೆ ಕೈ ಮುಗಿದವಳು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು.

ಸಂಧ್ಯಾಗೆ ಕನ್ನಡ ಓದಲು ಬರುವುದಿಲ್ಲ, ನಿನಗೇ ಗೊತ್ತು. ಮನೆಯಲ್ಲಿ ಮಾತಾಡುತ್ತಾಳೆ, ಅದೂ ಅರ್ಧ ತಮಿಳು. ನಮ್ಮ ಗುಗೈ ಬೀದಿಯಲ್ಲಿ ಈ ಅಕ್ಷರ ಬಲ್ಲವರು ತಾಳವಾಡಿಯ ಕನ್ನಡ ಶಾಲೆಯಲ್ಲಿ ಹತ್ತನೆಯ ತನಕ ಒಂದೇ ಬೆಂಚಿನಲ್ಲಿ ಕೂತ ನಾವಿಬ್ಬರೇ. ಸೇಲಂನ ನೇಕಾರರ ಮನೆಗಳಿಗೆ ಸೊಸೆಯರಾಗಿ ಬಂದ ಮೇಲೆ ಈ ಓದಿನಿಂದ ನಮಗೆ ಮೂರು ಕಾಸಿನ ಉಪಯೋಗ ಆಗಿರಲಿಲ್ಲ. ಇವತ್ತು ಆಗುತ್ತಿದೆ. ನನ್ನ ಮಗಳಿಗೆ ತಿಳಿಯಬಾರದ್ದನ್ನು ಅವಳ ಕೈಯಲ್ಲೇ ಕೊಟ್ಟು ನಿನಗೆ ತಲುಪಿಸಬಹುದು. ಅದು ಏನೆಂದು ಮುಂದೆ ಬರೆಯುತ್ತೇನೆ, ಮೊದಲೇ ಬರೆದರೆ ನೀನು ಉಳಿದದ್ದನ್ನು ಓದುವುದಿಲ್ಲ.

ಸೋಮವಾರ ನೀನು ಫೋನಿಗೆ ಕಳಿಸಿದ ಮಾತನ್ನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. "ಸತ್ಯಾ, ನನ್ ಸಾಲದ್ ಕಾರ್ಡು ನಿನ್ ಅತ್ರನೇ ಐತಲ್ಲಾ? ಜೋಪಾನ. ನಂಗೇನಾದ್ರೂ ಆದ್ರೆ ಇನ್ಶೂರೆನ್ಸ್ ಬತ್ತದಂತೆ. ಗುಂಪಿಂದು ತೀರೋಗ್ತದೆ. ಮೇನಕಾನ ಒಂದ್ ಕಣ್ಣು ನೋಡ್ಕೋ." ಅಷ್ಟು ಹೇಳಿ ಫೋನ್ ಆಫ್ ಮಾಡಿಬಿಟ್ಟೆ. ಮೂರು ದಿನದಿಂದ ಆಫ್. ಅಳುತ್ತಾ ಹೇಳಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ. ಅಂಗಡಿಯಿಂದ ಏನೋ ತರಲು ಹೇಳುವ ಹಾಗೆ ಹೇಳಿದೆ.

ಗಂಗಾ, ಆ ಮಾತು ನಿನ್ನದಲ್ಲ. ಅದು ಸೆಲ್ವಕುಮಾರ್ ನಿನ್ನ ತಲೆಯಲ್ಲಿ ಇಟ್ಟು ಹೋದ ಮಾತು. ವಾರವಾರ ಕಂತು ವಸೂಲಿಗೆ ನಮ್ಮ ಜಗುಲಿಗೆ ಬರುತ್ತಿದ್ದ, ಅಕ್ಕಾ ಅಕ್ಕಾ ಎನ್ನುತ್ತ ನನ್ನ ಕೈಯ ಕಾಫಿ ಕುಡಿಯುತ್ತಿದ್ದ, ಆ ನಲ್ಲಂಪಳ್ಳಿಯ ಹುಡುಗ. ಕಾರ್ತಿಕದ ಒಂದು ಮಂಗಳವಾರ, ಗುಂಪಿನ ಒಂಬತ್ತು ಹೆಂಗಸರ ಎದುರಿಗೆ, ಬ್ಯಾಗಿನ ಜಿಪ್ಪು ಎಳೆಯುತ್ತ ನಿನಗೆ ತಮಿಳಿನಲ್ಲಿ ಹೇಳಿದ: ನೀನು ಸತ್ತರೆ ಇನ್ಶೂರೆನ್ಸ್ ಇದೆ, ಬದುಕಿದ್ದರೆ ಕಂತು ಇದೆ, ಯಾವುದು ಬೇಕೋ ನೀನೇ ನೋಡಿಕೋ. ನೀನು ತಲೆ ಎತ್ತಿ ನನ್ನನ್ನು ನೋಡಿದೆ. ಗುಂಪಿನ ಲೀಡರ್ ನಾನು. ಎದ್ದು ನಿಂತು ಹೊರಗೆ ನಡೆ ಎನ್ನಬೇಕಿತ್ತು. ನಾನು ಅಂದದ್ದು ನಿನಗೆ ನೆನಪಿರಬಹುದು: "ಎಂಗಾದ್ರೂ ಮಾಡಿ ಕಟ್ಬುಡು ಗಂಗಾ, ನಮ್ ಮರ್ಯಾದೆ ತೆಗೀಬ್ಯಾಡ." ಗಂಡ ಸತ್ತು ಎರಡು ತಿಂಗಳಾಗಿದ್ದ ಹೆಂಗಸಿಗೆ ನಾನು ಹೇಳಿದ ಸಮಾಧಾನ ಅದು.

ಮೊದಲ ಹಾಳೆಯನ್ನು ನೀನು ಒಳಗೆ ಎಳೆದುಕೊಂಡೆಯಂತೆ. ಸಂಧ್ಯಾ ಓಡಿ ಬಂದು ಹೇಳಿದಳು. ಓದು ತಾಯಿ, ಓದು.

ನಮ್ಮ ತಪ್ಪು ಎಲ್ಲಿ ಶುರುವಾಯಿತು ಎಂದು ಈಗ ಯೋಚಿಸುತ್ತೇನೆ. ಸಾಲ ಕೊಟ್ಟ ಕಂಪನಿಯವರು ಹೇಳಿಕೊಟ್ಟ ಪ್ರತಿಜ್ಞೆ ತಮಿಳಿನಲ್ಲಿತ್ತು, ಶಾಲೆಯ ಮಕ್ಕಳ ಹಾಗೆ ಕೈ ಚಾಚಿ ಹೇಳಿ ಮುಗಿಸುತ್ತಿದ್ದೆವು. ಅಷ್ಟೇ ಸಾಕಾಗಿತ್ತು. ಚೌಡಮ್ಮನ ಪಟ ತಂದು ಇಟ್ಟವಳು ನಾನು. ದೀಪ ಹಚ್ಚಿ, ಹತ್ತು ಜನರ ಕೈಯಲ್ಲೂ ಅರಿಶಿನ ಬಟ್ಟೆಯಲ್ಲಿ ಒಂದು ರೂಪಾಯಿ ಕಟ್ಟಿಸಿ, ಒಬ್ಬರ ಕಂತು ನಿಂತರೂ ಅಮ್ಮನಿಗೆ ತಪ್ಪಿದ ಹಾಗೆ ಎಂದು ಆಣೆ ಮಾಡಿಸಿದವಳೂ ನಾನೇ. ಕಂಪನಿ ಕೇಳಿರಲಿಲ್ಲ, ನನ್ನ ಲೀಡರ್‌ಗಿರಿ ಕೇಳಿತ್ತು. ಅಲ್ಲಿಂದ ಮುಂದೆ ಅದು ನಮಗೆ ಸಾಲವಾಗಿ ಉಳಿಯಲಿಲ್ಲ, ಹರಕೆಯಾಯಿತು. ಹರಕೆಗೆ ಯಾರಾದರೂ ಕಾಗದ ಓದುತ್ತಾರಾ? ಬಡ್ಡಿ ಎಷ್ಟು, ಏನು ಹಿಡಿದುಕೊಂಡರು, ಏಕೆ ಹಿಡಿದುಕೊಂಡರು ಎಂದು ಯಾರೂ ಕೇಳಲಿಲ್ಲ. ಕೇಳಿದರೆ ಅಮ್ಮನ ಮೇಲೆ ಅನುಮಾನಪಟ್ಟ ಹಾಗೆ ಎಂದು ನಾನೇ ಬಾಯಿ ಮುಚ್ಚಿಸುತ್ತಿದ್ದೆ. ಸೆಲ್ವಕುಮಾರ್ ಬುದ್ಧಿವಂತ. ನೀನು ಒಂದು ವಾರ ತಡ ಮಾಡಿದ ದಿನ ಅವನು ಕಂಪನಿಯ ಹೆಸರನ್ನೇ ಎತ್ತಲಿಲ್ಲ, ಪಟದ ಕಡೆ ಬೆರಳು ತೋರಿಸಿದ. ನಿನ್ನ ಕಂತು ಆರುನೂರ ಇಪ್ಪತ್ತು. ನೀನು ಕಟ್ಟದಿದ್ದರೆ ನಮಗೆ ತಲೆಗೆ ಎಪ್ಪತ್ತು ರೂಪಾಯಿ ಕೂಡ ಬರುತ್ತಿರಲಿಲ್ಲ. ಆ ಎಪ್ಪತ್ತು ರೂಪಾಯಿಗೆ ಯಾರೂ ನಿನ್ನ ಮೇಲೆ ಕೂಗಾಡಲಿಲ್ಲ, ನಿನ್ನಿಂದ ತಮ್ಮ ಮನೆಯ ಮೇಲೆ ಏನು ಬೀಳುತ್ತದೋ ಎಂದು ಕೂಗಾಡಿದರು. ಭಯ ಹಾಕಿದವಳು ನಾನು.

ನಿಮ್ಮನೆಯವರು ಧನಶೇಖರ್ ಅಣ್ಣ ಹೋದ ಹನ್ನೊಂದನೆಯ ದಿನದ ವಿಷಯ ಬರೆಯದೆ ಮುಂದೆ ಹೋಗಲಾರೆ. ಮಗ್ಗದ ಗುಂಡಿಯಿಂದ ಎದ್ದು ಎದೆ ಹಿಡಿದುಕೊಂಡವರು ಆಸ್ಪತ್ರೆ ಮುಟ್ಟಲಿಲ್ಲ. ಹನ್ನೊಂದರ ದಿನ ನಿನ್ನ ತವರಿನವರು ಸೀರೆ ತಂದರು, ನೆಂಟರು ತಟ್ಟೆಗೆ ಮುಯ್ಯಿ ಹಾಕಿದರು. ಸೆಲ್ವಕುಮಾರನೂ ಬಂದಿದ್ದ. ಅವನೂ ನೂರು ರೂಪಾಯಿ ಹಾಕಿದ, ಹಾಕಿ ಅಣ್ಣನ ಪಟದ ಮುಂದೆ ಕೈ ಮುಗಿದ. ಊಟವಾದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ತಪ್ಪಿದ ಎರಡೂ ಮುಂದಿನ ಎರಡೂ ಸೇರಿ ನಾಲ್ಕು ಕಂತು ಬೇಕು, ಇವತ್ತಾದರೆ ದುಡ್ಡು ಇರುತ್ತೆ ಅಕ್ಕಾ ಎಂದ. ನಾನು ಒಳಗೆ ಬಂದು, ನಿನ್ನನ್ನು ಕೇಳದೆ, ತಟ್ಟೆಯಿಂದ ಎರಡು ಸಾವಿರದ ನಾನೂರ ಎಂಬತ್ತು ಎಣಿಸಿಕೊಂಡು ಹೋಗಿ ಕೊಟ್ಟೆ. ನೀನು ಗೋಡೆಗೆ ಒರಗಿ ಕೂತಿದ್ದೆ. ನಾನು ಎಣಿಸುವುದನ್ನು ನೋಡಿದೆ, ಕೈ ಅಡ್ಡ ತರಲಿಲ್ಲ. ನನ್ನ ಗೆಳತಿ ಒಪ್ಪಿದಳು ಅಂದುಕೊಂಡು ನಾನು ಎದೆ ಮುಂದೆ ಮಾಡಿ ಹೊರಗೆ ಬಂದೆ.

ಆಮೇಲೆ ಮಾರ್ಗಳಿಯಲ್ಲಿ, ಅದೇ ನಮ್ಮ ಧನುರ್ಮಾಸದಲ್ಲಿ, ಒಂದು ದಿನ ನೀನು ಮೇನಕಾಳನ್ನು ಕರೆದುಕೊಂಡು ಊರು ಬಿಟ್ಟೆ. ಗುಂಪಿನಲ್ಲಿ ಎಲ್ಲರೂ ನಿನ್ನನ್ನು ಓಡಿಹೋದವಳು ಎಂದರು. ನಾನೂ ಅಂದೆ.

ನಂತರ ನನ್ನ ಸರದಿ ಬಂತು. ನಮಗೆ ನೂಲು ಕೊಡುವ ಯಜಮಾನರು ಪೊಂಗಲ್ ಮುಗಿದ ಮೇಲೆ ಮೂರು ವಾರ ನೂಲನ್ನೇ ಕೊಡಲಿಲ್ಲ. ಮಗ್ಗ ಸುಮ್ಮನೆ ನಿಂತಿತು, ಎರಡು ಕಂತು ತಪ್ಪಿತು. ಬೆಳಿಗ್ಗೆ ಆರಕ್ಕೆ, ಕಸ ಗುಡಿಸುತ್ತಿರುವಾಗ, ಸೆಲ್ವಕುಮಾರ್ ಇನ್ನೊಬ್ಬ ದಪ್ಪನೆಯ ಆಸಾಮಿಯನ್ನು ಕರೆದುಕೊಂಡು ಬಂದ. ಅಕ್ಕಾ ಅನ್ನಲಿಲ್ಲ. ಬೀದಿಯಲ್ಲಿ ನಿಂತು ನನ್ನ ಹೆಸರು ಹಿಡಿದು ಕೂಗಿದ. ನಮ್ಮನೆಯವರು ಮುಖ ಮುಚ್ಚಿಕೊಂಡು ಒಳಗೆ ಕೂತರು. ಆಮೇಲೆ ಎರಡು ವಾರ ಬಿಟ್ಟು ಸಂಧ್ಯಾಗೆ ಕಾಲೇಜಿನಲ್ಲಿ ಪಾಠದ ನಡುವೆ ಹದಿನಾಲ್ಕು ಸಲ ಫೋನ್ ಬಂತು. ಅವಳಿಗೆ ಬಂದ ಸಿಟ್ಟು ನೋಡಬೇಕಿತ್ತು. ಮನೆಗೆ ಬಂದವಳೇ, "ಅಮ್ಮಾ, ಆ ಪೇಪರ್ ಎಲ್ಲಾ ಎಲ್ಲೈತೆ, ಎಡು, ಆಚೆ ತೆಗಿ" ಎಂದಳು.

ಹತ್ತು ಜನರ ಕಾರ್ಡುಗಳೂ ನನ್ನ ಕಬ್ಬಿಣದ ಪೆಟ್ಟಿಗೆಯಲ್ಲಿದ್ದವು. ಜೋಪಾನಕ್ಕೆ ಲೀಡರ್ ಹತ್ತಿರ ಇರಲಿ ಎಂದು ನಾನೇ ಇಸಿದುಕೊಂಡಿದ್ದೆ. ನನ್ನದನ್ನು ಓದಿ ಮುಗಿಸಿ ಅವಳು ನಿನ್ನದನ್ನು ಕೈಗೆತ್ತಿಕೊಂಡಳು. ಕೊಟ್ಟ ಐವತ್ತು ಸಾವಿರದಲ್ಲಿ ಮೊದಲ ದಿನವೇ ವಿಮೆಗೆ ಎಂದು ಸಾವಿರದ ಮುನ್ನೂರು ಚಿಲ್ಲರೆ ಹಿಡಿದುಕೊಂಡಿದ್ದಾರೆ. ಕೆಳಗೆ ಸಣ್ಣ ಅಕ್ಷರದಲ್ಲಿ ಎರಡು ಹೆಸರು. ಒಂದು ನಿನ್ನದು. ಇನ್ನೊಂದು ಗಂಡ, ಧನಶೇಖರ್.

ಗಂಗಾ, ಇದನ್ನು ನಿಧಾನವಾಗಿ ಓದು. ವಿಮೆ ನಿನ್ನ ಪ್ರಾಣದ ಮೇಲೆ ಮಾತ್ರ ಇರಲಿಲ್ಲ. ಅಣ್ಣನ ಪ್ರಾಣದ ಮೇಲೂ ಇತ್ತು. ಅವರು ಹೋದ ದಿನ ಉಳಿದಿದ್ದ ಮೂವತ್ತೊಂದು ಸಾವಿರವನ್ನು ವಿಮೆಯವರು ಕಂಪನಿಗೆ ಕಟ್ಟಬೇಕಾಗಿತ್ತು. ನೀನು ಅರ್ಜಿ ಹಾಕಬೇಕು ಎಂದು ಸೆಲ್ವಕುಮಾರ್ ಹೇಳಬೇಕಾಗಿತ್ತು. ಸಾವಿನ ಮನೆಯಲ್ಲಿ ಊಟ ಮಾಡಿ ಹೋದವನು ಹೇಳಲಿಲ್ಲ. ಹೇಳಿದ್ದರೆ ಆ ತಿಂಗಳ ವಸೂಲಿಯಲ್ಲಿ ಅವನಿಗೆ ಕಡಿಮೆ ಬೀಳುತ್ತಿತ್ತೋ ಏನೋ, ನನಗೆ ಗೊತ್ತಿಲ್ಲ. ನಾನು ತಟ್ಟೆಯಿಂದ ಎಣಿಸಿದ ದುಡ್ಡು, ಆಮೇಲೆ ನೀನು ಕಿವಿಯ ಓಲೆ ಮಾರಿ ಕಟ್ಟಿದ್ದು, ಎಲ್ಲವೂ ನೀನು ಕಟ್ಟಬೇಕಾಗಿರದ ದುಡ್ಡು. ಆ ಕಾಗದ ಅಷ್ಟು ದಿನವೂ ನನ್ನ ಸೀರೆಗಳ ಕೆಳಗೆ ಇತ್ತು.

ಎರಡನೆಯ ಹಾಳೆ ಅರ್ಧ ಒಳಗೆ, ಅರ್ಧ ಹೊರಗೆ ಹಾಗೇ ಇದೆಯಂತೆ. ಏಕೆ ಎಳೆದುಕೊಳ್ಳಲಿಲ್ಲ? ಸಂಧ್ಯಾಗೆ ಬಾಗಿಲಿಗೆ ಕಿವಿ ಇಟ್ಟು ಕೇಳು ಎಂದಿದ್ದೇನೆ. ನನ್ನ ಅಕ್ಷರ ಕೆಡುತ್ತಿದೆ, ಕ್ಷಮಿಸು.

ಎಳೆದುಕೊಂಡೆಯಂತೆ. ಸರಿ.

ಸೇಲಂ ಕೋರ್ಟಿನ ಆವರಣದಲ್ಲಿ ಉಚಿತವಾಗಿ ಸಲಹೆ ಕೊಡುವ ಕಾನೂನು ನೆರವಿನ ಕಚೇರಿ ಇದೆ. ಮೊನ್ನೆ ಮಂಗಳವಾರ, ಗುಂಪಿನ ಮೀಟಿಂಗಿಗೆ ಹೋಗದೆ, ನಾನೂ ಸಂಧ್ಯಾನೂ ಅಲ್ಲಿಗೆ ಹೋದೆವು. ಒಬ್ಬ ವಕೀಲಮ್ಮ ಇದ್ದರು, ನಮ್ಮ ವಯಸ್ಸಿನವರೇ. ಕಾರ್ಡು ನೋಡಿ ಮೊದಲು ಕೇಳಿದ್ದು, ಈ ಹೆಂಗಸು ಈಗ ಎಲ್ಲಿದ್ದಾರೆ ಎಂದು.

ಅವರು ಹೇಳಿದ್ದನ್ನು ನಿನಗೆ ನನ್ನ ಮಾತಿನಲ್ಲಿ ಹೇಳುತ್ತೇನೆ, ನೀನು ಬಾಯಿಪಾಠ ಮಾಡಿಕೋ. ಇಂಥ ಸಾಲಕ್ಕೆ ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ, ಸಂಜೆ ಆರರ ಮೇಲೆ ಅವರು ಫೋನ್ ಮಾಡುವಂತಿಲ್ಲ. ರಿಸರ್ವ್ ಬ್ಯಾಂಕ್ ಹಾಗೆ ಬರೆದಿಟ್ಟಿದೆ. ಬೈಯುವುದು, ಹೆದರಿಸುವುದು, ಬೀದಿಯಲ್ಲಿ ಹೆಸರು ಹಿಡಿದು ಕೂಗುವುದು, ನೆಂಟರನ್ನು, ಮಕ್ಕಳನ್ನು ಕಾಡಿಸುವುದು, ಯಾವುದೂ ಕೂಡದು. ಬಂದವನ ಹತ್ತಿರ ಕಂಪನಿಯ ಗುರುತಿನ ಕಾರ್ಡು ಕೇಳು. ರೇಷನ್ ಕಾರ್ಡು, ಆಧಾರ್ ಏನು ಕೇಳಿದರೂ ಕೊಡಬೇಡ. ಕಂತು ಕಟ್ಟಲಾಗಲಿಲ್ಲ ಎಂದು ಪೊಲೀಸರು ಹಿಡಿದುಕೊಂಡು ಹೋಗುತ್ತಾರೆ ಎಂದು ಅವನು ಹೇಳುತ್ತಿದ್ದನಲ್ಲಾ, ಅದು ಸುಳ್ಳು. ಬಡತನಕ್ಕೆ ಜೈಲಿಲ್ಲ ಎಂದರು ವಕೀಲಮ್ಮ. ಅವನು ಹೆದರಿಸಿದರೆ ನಾವೇ ಪೊಲೀಸರ ಹತ್ತಿರ ಹೋಗಬಹುದು, ಅದಕ್ಕೆ ಈಗ ತಮಿಳುನಾಡಿನಲ್ಲಿ ಹೊಸ ಕಾನೂನೂ ಬಂದಿದೆಯಂತೆ. ಕಂಪನಿಗೆ ದೂರು ಬರೆದುಕೊಟ್ಟು ರಸೀದಿ ಇಸಿದುಕೊಳ್ಳಬೇಕು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನಲ್ಲಿ ಇಂಥ ದೂರು ವಿಚಾರಿಸುವ ಓಂಬುಡ್ಸ್‌ಮನ್ ಎಂಬವರಿಗೆ ಬರೆಯಬಹುದು, ಕಾಸು ಖರ್ಚಿಲ್ಲ. ಇಷ್ಟೆಲ್ಲ ನಮ್ಮ ಕೈಯಲ್ಲಿತ್ತು ಗಂಗಾ. ನಾವು ದೀಪ ಹಚ್ಚಿ ಕೂತಿದ್ದೆವು.

ಸಾಲ ತೆಗೆದುಕೊಂಡವರು ಕಟ್ಟಬಾರದು ಎಂದೇನೂ ಅವರು ಹೇಳಲಿಲ್ಲ. ನನ್ನದನ್ನು ನಾನು ಕಟ್ಟಬೇಕು, ಕಟ್ಟುತ್ತೇನೆ, ಸ್ವಲ್ಪ ಕಾಲ ಕೇಳಿ ಬರೆದುಕೊಟ್ಟಿದ್ದೇನೆ. ನಿನ್ನದು ಬೇರೆ. ವಿಮೆಯ ಹಣ ಖಂಡಿತ ಬರುತ್ತದೆ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ, ನಾನು ನಿನಗೆ ಸುಳ್ಳು ಹೇಳುವುದಿಲ್ಲ. ತಡವಾಗಿದೆ, ತಡಕ್ಕೆ ಕಾರಣ ಬರೆಯಬೇಕು, ಆದರೆ ತಳ್ಳಿಹಾಕಲು ಅವರಿಗೆ ಸುಲಭವಿಲ್ಲ ಎಂದರು. ಬೇಕಾಗಿರುವುದು ಸಾಲಗಾರಳ ಸಹಿ. ಅವಳು ಬದುಕಿದ್ದು ಮಾಡುವ ಸಹಿ.

ಇನ್ನು ಆ ವಿಷಯ. ಸಂಧ್ಯಾ ನನ್ನನ್ನು ದೂರದಿಂದ ನೋಡುತ್ತಿದ್ದಾಳೆ, ಅಮ್ಮ ಏನು ಇಷ್ಟು ಬರೆಯುತ್ತಿದ್ದಾಳೆ ಎಂದು.

ಕೊಳತ್ತೂರಿನ ಈ ಮನೆಯನ್ನು ಸೆಲ್ವಕುಮಾರನಿಗೆ ಹೇಳಿದವಳು ನಾನು. ಅವನು ಆರು ಗಂಟೆಗೆ ಬೀದಿಯಲ್ಲಿ ಕೂಗಿದ ದಿನವೇ. ಗಂಗಾಲಕ್ಷ್ಮಿ ಎಲ್ಲಿದ್ದಾಳೆಂದು ಹೇಳು, ನಿನಗೆ ಎರಡು ವಾರ ಬಿಡುತ್ತೇನೆ ಎಂದ. ನಾನು ಯೋಚನೆ ಕೂಡ ಮಾಡಲಿಲ್ಲ. ಚೆಲ್ಲಮ್ಮ ಅತ್ತೆಯ ಹೆಸರು, ಬೇವಿನ ಮರ, ಬಸ್ ನಿಲ್ದಾಣದಿಂದ ಎಷ್ಟು ದೂರ, ಎಲ್ಲ ಹೇಳಿದೆ. ಅವನು ಬರೆದುಕೊಳ್ಳುವಾಗ ಊರಿನ ಹೆಸರನ್ನು ತಪ್ಪಾಗಿ ಬರೆದ, ಅದನ್ನೂ ನಾನೇ ತಿದ್ದಿದೆ. ಹತ್ತು ದಿನದ ಕೆಳಗೆ ಅವನು ನಿನ್ನ ಬಾಗಿಲಿಗೆ ಬಂದಿದ್ದು ಹಾಗೆ. ಅದೇ ಮಾತನ್ನು ನಿನಗೆ ಮತ್ತೆ ಹೇಳಿ ಹೋಗಿದ್ದಾನೆ ಎಂದು ನಿನ್ನ ಫೋನ್ ಕೇಳಿದಾಗ ಗೊತ್ತಾಯಿತು. ಎರಡು ವಾರಕ್ಕೆ ನಿನ್ನನ್ನು ಕೊಟ್ಟೆ. ನನ್ನ ಮಗಳು ನನ್ನನ್ನು ಹೋರಾಡುವವಳು ಅಂದುಕೊಂಡಿದ್ದಾಳೆ, ಆ ಕಚೇರಿಯಲ್ಲಿ ನನ್ನ ಪಕ್ಕ ಹೆಮ್ಮೆಯಿಂದ ಕೂತಿದ್ದಳು. ಅವಳಿಗೆ ಹೇಳುವ ಧೈರ್ಯ ಇನ್ನೂ ಬಂದಿಲ್ಲ. ನೀನು ಬೇಕಾದರೆ ಈಗಲೇ ಒಳಗಿನಿಂದ ಕೂಗಿ ಹೇಳು. ನಾನು ತಡೆಯುವುದಿಲ್ಲ.

ಗುರುವಾರ ಮತ್ತೆ ಕೊಳತ್ತೂರಿಗೆ ಹೋಗುತ್ತೇನೆ ಎಂದು ಅವನು ಗುಂಪಿನಲ್ಲಿ ಹೇಳಿದ್ದಾನಂತೆ. ಅಂದರೆ ಇವತ್ತು. ಅದಕ್ಕೇ ಮೊದಲ ಬಸ್ಸು ಹಿಡಿದು ಬಂದೆವು. ಬರಲಿ. ಅವನನ್ನು ನಿನ್ನ ಹೊಸ್ತಿಲ ತನಕ ಬಿಡುವುದಿಲ್ಲ. ಅವನಿಗೆ ಕೊಡಲು ಒಂದು ದೂರಿನ ನಕಲು ನನ್ನ ಹತ್ತಿರ ಇದೆ, ಅದರಲ್ಲಿ ಅವನು ಹೇಳಿದ ಆ ಮಾತು ಅಂದ ಹಾಗೇ ಇದೆ, ಕೆಳಗೆ ಕೇಳಿಸಿಕೊಂಡ ಒಂಬತ್ತು ಜನರಲ್ಲಿ ನಾಲ್ವರ ಸಹಿ ಇದೆ. ಉಳಿದವರು ಚೌಡಮ್ಮನ ಭಯ ಎಂದರು. ಮೊದಲ ಸಹಿ ನನ್ನದು. ನಾನೂ ಸುಮ್ಮನಿದ್ದೆ ಎಂದು ಅದರಲ್ಲಿ ಬರೆಸಿದ್ದೇನೆ.

ಈ ಹಾಳೆಯ ಜೊತೆ ವಿಮೆಯ ಅರ್ಜಿ ಬರುತ್ತದೆ. ಎರಡು ಕಡೆ ಪೆನ್ಸಿಲಿನಲ್ಲಿ ಗುರುತು ಮಾಡಿದ್ದೇನೆ, ಅಲ್ಲಿ ಸಹಿ ಹಾಕು. ಅಣ್ಣನ ಮರಣ ಪ್ರಮಾಣಪತ್ರದ ಪ್ರತಿಯನ್ನು ಸಂಧ್ಯಾ ತೆಗೆಸಿದ್ದಾಳೆ. ನಿನ್ನ ಪಾಸ್‌ಬುಕ್ಕಿನ ಮೊದಲ ಪುಟ ಮಾತ್ರ ಬೇಕು. ನಿನ್ನ ಕಾರ್ಡನ್ನೂ ಒಳಗೆ ತಳ್ಳುತ್ತಿದ್ದೇನೆ, ಇನ್ನು ಮೇಲೆ ಅದು ನಿನ್ನ ಹತ್ತಿರವೇ ಇರಬೇಕು.

ನೀನು ಬಾಗಿಲು ತೆಗೆಯಬೇಕಾಗಿಲ್ಲ. ನನ್ನ ಮುಖ ನೋಡಬೇಕಾಗಿಲ್ಲ, ಮಾತಾಡಬೇಕಾಗಿಲ್ಲ. ಅರ್ಜಿಗೆ ಸಹಿ ಮಾಡಿ ಕೆಳಗಿನಿಂದಲೇ ಹೊರಗೆ ತಳ್ಳು. ಅದು ಹೊರಗೆ ಬಂದರೆ ನೀನು ನನ್ನನ್ನು ಕ್ಷಮಿಸಿದೆ ಅಂದುಕೊಳ್ಳುವುದಿಲ್ಲ, ಬದುಕಲು ಒಪ್ಪಿದೆ ಎಂದಷ್ಟೇ ಅಂದುಕೊಳ್ಳುತ್ತೇನೆ. ಕೈ ಓಡದಿದ್ದರೆ ಸಂಧ್ಯಾಳನ್ನು ಮಾತ್ರ ಒಳಗೆ ಕರೆದುಕೋ, ಅವಳಿಗೆ ಒಂದು ಲೋಟ ನೀರು ಕೊಡು, ಬೆಳಿಗ್ಗೆಯಿಂದ ಏನೂ ಕುಡಿದಿಲ್ಲ. ಮೇನಕಾ ಶಾಲೆಯಿಂದ ಬಂದಾಗ ಬಾಗಿಲು ತೆಗೆಯುವವಳು ನೀನೇ ಆಗಿರಬೇಕು, ನಾನು ಕೇಳುವುದು ಅಷ್ಟೇ.

ನೂರು ವರ್ಷ ಬಾಳು ಗಂಗಾ. ಬೇರೆ ಯಾವುದಕ್ಕೂ ಅಲ್ಲದಿದ್ದರೆ ನನ್ನನ್ನು ದಿನಾ ಬೈಯಲಿಕ್ಕಾದರೂ ಬಾಳು.

ಇಂತಿ,
ಆ ಬೈಗುಳಕ್ಕೆ ಕಾದಿರುವ
ನಿನ್ನ ಸತ್ಯಾ